ಕರೆಯದೆ ಬರುವ ಜಾಹೀರಾತುಗಳು: ಮೊಬೈಲು ಫೋನಿನ ಕಳೆ ಕೀಳುವ ಬಗೆ



ಗದ್ದೆಯ ಕಳೆಯನ್ನೂ ತೋಟದ ಕೊಳೆರೋಗವನ್ನೂ ಕುರಿತು ಬೇಕಾದಷ್ಟು ಓದಿದ್ದೀರಿ, ಕೇಳಿದ್ದೀರಿ. ಈ ಸಂಚಿಕೆಯ ಪಾಠವು ಜೇಬಿನಲ್ಲಿರುವ ಮೊಬೈಲು ಫೋನಿಗೆ ಹತ್ತುವ ಕಳೆಯನ್ನು ಕುರಿತದ್ದು. ಅಡಿಕೆಯ ಧಾರಣೆ, ಮಳೆಯ ಮುನ್ಸೂಚನೆ, ಪಹಣಿ, ಬ್ಯಾಂಕಿನ ಜಮಾ ಇವೆಲ್ಲವನ್ನೂ ಈಗ ಫೋನಿನಲ್ಲಿಯೇ ನೋಡುತ್ತೇವೆ. ಆದುದರಿಂದ ನೇಗಿಲು, ಪಂಪುಸೆಟ್ಟುಗಳಂತೆ ಇದೂ ಬೇಸಾಯದ ಒಂದು ಉಪಕರಣವೇ. ಅದನ್ನು ಶುದ್ಧವಾಗಿಟ್ಟುಕೊಳ್ಳುವುದನ್ನು ಕಲಿಯತಕ್ಕದ್ದು.

ನಡೆದ ಒಂದು ಸಂಗತಿ

ಭದ್ರಾವತಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರರು ಒಂದು ಸಂಜೆ ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ ಅಡಿಕೆಗೆ ಏನು ಧಾರಣೆ ಎಂದು ಫೋನಿನಲ್ಲಿ ಹುಡುಕಿದರು. ತೆರೆದ ಪುಟದಲ್ಲಿ ಧಾರಣೆ ಕಾಣುವ ಮೊದಲೇ 'ಮುಂದೆ ಹೋಗಲು ಅನುಮತಿಸಿ ಎಂಬುದನ್ನು ಒತ್ತಿರಿ' ಎಂದು ಬಂತು. ಒತ್ತಿದರು. ಅಂದಿನಿಂದ ಫೋನು ಹಗಲೂ ರಾತ್ರಿ ಗಂಟೆ ಬಾರಿಸತೊಡಗಿತು. 'ನಿಮ್ಮ ಫೋನಿಗೆ ವೈರಸ್ ತಗುಲಿದೆ', 'ನಿಮಗೆ ಐದು ಲಕ್ಷ ಸಾಲ ಮಂಜೂರಾಗಿದೆ', 'ನೀವು ಕಾರು ಗೆದ್ದಿದ್ದೀರಿ' ಎಂದು ಒಂದರ ಮೇಲೊಂದು. ಬೇಸತ್ತು ಅವರು ಗಂಟೆಯ ಸದ್ದು ಕೇಳಿದರೂ ಫೋನು ನೋಡುವುದನ್ನೇ ಬಿಟ್ಟರು. ಬೆಳೆ ವಿಮೆಗೆ ಹಣ ಕಟ್ಟುವ ಕೊನೆಯ ದಿನವನ್ನು ತಿಳಿಸಿ ನೆರೆಯವರು ಕಳುಹಿಸಿದ್ದ ಸಂದೇಶವೂ ಆ ರಾಶಿಯಲ್ಲಿಯೇ ಹೂತುಹೋಯಿತು. ಅದು ಕಣ್ಣಿಗೆ ಬಿದ್ದಾಗ ದಿನ ಕಳೆದಿತ್ತು.

ಬಳಿಕ ಅವರು ಶಿವಮೊಗ್ಗದ ಒಂದು ಅಂಗಡಿಗೆ ಫೋನು ಕೊಟ್ಟರು. ಅಲ್ಲಿ ಹಣ ಪಡೆದು ಫೋನಿನಲ್ಲಿದ್ದುದೆಲ್ಲವನ್ನೂ ಅಳಿಸಿಕೊಟ್ಟರು. ಮಗಳ ಮದುವೆಯ ಚಿತ್ರಗಳೂ ಹೋದವು. ವಾರ ಕಳೆಯುವುದರೊಳಗೆ ಅವರು ಮತ್ತೆ ಅದೇ ಪುಟ ತೆರೆದು ಅದೇ ಗುಂಡಿ ಒತ್ತಿದರು. ಕಾಟವೂ ಮರಳಿ ಬಂತು. ಆ ಮೇಲೆ ಅವರು ಫೋನನ್ನು ನನಗೆ ತೋರಿಸಿದರು. ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು ಐದು ನಿಮಿಷದಲ್ಲಿ ಸರಿಪಡಿಸಿದೆವು. "ಇಷ್ಟೇನಾ ಸಾರ್? ಮೊದಲೇ ಗೊತ್ತಿದ್ದರೆ ಮಗಳ ಫೋಟೋಗಳಾದರೂ ಉಳೀತಿದ್ವಲ್ಲ" ಎಂದರು. ಆ ಮಾತಿಗಾಗಿಯೇ ಈ ಪಾಠ ಬರೆದಿದ್ದೇನೆ.

ಕಾರಣವನ್ನು ಮೊದಲು ತಿಳಿಯಿರಿ

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದು, ಅದಕ್ಕೆ ಶಿಲೀಂಧ್ರವೇ ಕಾರಣವೆಂದು ತೋರಿಸಿದರು. ಕಾರಣ ತಿಳಿದ ಮೇಲೆ ಮಳೆಗೆ ಮೊದಲೇ ಬೋರ್ಡೋ ದ್ರಾವಣ ಹೊಡೆಯುವ ಮದ್ದಿಗೆ ಅರ್ಥ ಬಂತು. ಫೋನಿನ ಕಾಟಕ್ಕೂ ಇದೇ ನ್ಯಾಯ. ಕಾರಣ ತಿಳಿಯದೆ ಮಾಡಿದ ಚಿಕಿತ್ಸೆ ವಾರವೂ ಬಾಳುವುದಿಲ್ಲ.

ಈ ಜಾಹೀರಾತುಗಳನ್ನು ಕಳುಹಿಸುವವರಿಗೆ ಪ್ರತಿಯೊಂದು ತೋರಿಕೆಗೂ, ಪ್ರತಿಯೊಂದು ಒತ್ತಿಗೂ ಅಲ್ಪ ಸ್ವಲ್ಪ ಹಣ ಸಿಗುತ್ತದೆ. ಲಕ್ಷಾಂತರ ಫೋನುಗಳಿಂದ ಸೇರಿದಾಗ ಅದು ದೊಡ್ಡ ಮೊತ್ತ. ಕಾಟವು ಮುಖ್ಯವಾಗಿ ಮೂರು ಬಗೆ.

1. ಹುಸಿ ಗಂಟೆ. ಒಂದು ಪುಟ 'ಅನುಮತಿಸಿ' ಎಂದು ಕೇಳಿದಾಗ ನಾವು ಒಪ್ಪಿದರೆ, ಆ ಪುಟ ಮುಚ್ಚಿದ ಮೇಲೂ ಫೋನಿಗೆ ನೋಟಿಫಿಕೇಷನ್ ಕಳುಹಿಸುವ ಹಕ್ಕು ಅದಕ್ಕೆ ದೊರೆಯುತ್ತದೆ. ಇದು ವೈರಸ್ ಅಲ್ಲ. ನಾವೇ ಕೊಟ್ಟ ಪರವಾನಗಿ.

2. ದಾರಿ ತಪ್ಪಿಸುವಿಕೆ. ಒಂದು ಪುಟ ತೆರೆಯಲು ಹೋದರೆ ಬೇರೊಂದು ತೆರೆಯುತ್ತದೆ. ನಿಮ್ಮ ಗದ್ದೆಗೆಂದು ಭದ್ರಾ ನಾಲೆಯಿಂದ ಬಿಟ್ಟ ನೀರನ್ನು ನಡುದಾರಿಯಲ್ಲಿ ಯಾರೋ ಏರಿ ಕಡಿದು ತಮ್ಮ ಗದ್ದೆಗೆ ತಿರುಗಿಸಿಕೊಂಡ ಹಾಗೆ.

3. ಬಂದಳಿಕೆ ಆ್ಯಪ್. ಟಾರ್ಚು, ಆಟ, ಫೋಟೋ ಅಲಂಕಾರ ಎಂಬ ಹೆಸರಿನಲ್ಲಿ ಒಳಸೇರಿ ಜಾಹೀರಾತು ತೋರಿಸುವುದನ್ನೇ ಕಸುಬಾಗಿಸಿಕೊಂಡ ಆ್ಯಪ್‌ಗಳು. ಮಾವಿನ ಮರದ ರಸ ಹೀರುವ ಬಂದಳಿಕೆಯಂತೆ ಇವು ಬ್ಯಾಟರಿಯನ್ನೂ ಡೇಟಾವನ್ನೂ ಹೀರುತ್ತವೆ. ಪ್ಲೇ ಸ್ಟೋರಿನಲ್ಲಿಯೂ ಇಂಥವು ನುಸುಳುವುದುಂಟು. 2020ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯು ಜಾಹೀರಾತಿನ ಕಾಟ ಕೊಡುತ್ತಿದ್ದ ಸುಮಾರು 600 ಆ್ಯಪ್‌ಗಳನ್ನು ಅಲ್ಲಿಂದ ಕಿತ್ತುಹಾಕಿತು.

ಯಾವ ಬಗೆಯೆಂದು ಗುರುತಿಸುವುದು ಹೇಗೆ?

ಪರದೆಯ ಮೇಲ್ಭಾಗದಲ್ಲಿ ಸಾಲಾಗಿ ಬರುವ ಸೂಚನೆಗಳಲ್ಲಿ ಕ್ರೋಮ್ ಎಂಬ ಹೆಸರೂ ಯಾವುದೋ ಪುಟದ ವಿಳಾಸವೂ ಕಂಡರೆ ಅದು ಮೊದಲನೆಯ ಬಗೆ. ಪುಟಗಳನ್ನು ನೋಡುವಾಗ ಮಾತ್ರ ತೊಂದರೆಯಾದರೆ ಎರಡನೆಯದು. ಏನನ್ನೂ ತೆರೆಯದೆ ಇದ್ದಾಗಲೂ, ಕರೆ ಮುಗಿಸಿದ ಕೂಡಲೇ, ಬೀಗದ ಪರದೆಯ ಮೇಲೆಯೂ ಪೂರ್ತಿ ಜಾಹೀರಾತು ಹರಡಿದರೆ ಮೂರನೆಯದು. ಒಂದೇ ಫೋನಿನಲ್ಲಿ ಮೂರೂ ಇರಬಹುದು.

ಚಿಕಿತ್ಸೆ

ಕೆಳಗಿನ ಕ್ರಮವು ಆಂಡ್ರಾಯ್ಡ್ ಫೋನುಗಳಿಗೆ. ಕಂಪನಿಯಿಂದ ಕಂಪನಿಗೆ ಹೆಸರುಗಳು ಸ್ವಲ್ಪ ಬದಲಾಗಬಹುದು. ಸುಲಭವಾದುದರಿಂದ ತೊಡಗಿ ಒಂದೊಂದಾಗಿ ಮಾಡತಕ್ಕದ್ದು.

ಹುಸಿ ಗಂಟೆಗೆ: ಬಂದ ಸೂಚನೆಯನ್ನು ತೆರೆಯಕೂಡದು. ಅದರ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಕಳುಹಿಸಿದವರು ಯಾರೆಂಬುದೂ ಅದನ್ನು ನಿಲ್ಲಿಸುವ ಗುಂಡಿಯೂ ಕಾಣುತ್ತವೆ. ಬೇರುಸಹಿತ ಕೀಳಬೇಕಾದರೆ ಕ್ರೋಮ್ ತೆರೆದು, ಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ, ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್ ಎಂಬಲ್ಲಿಗೆ ಹೋಗಿ. ನೀವು ಅನುಮತಿ ಕೊಟ್ಟ ಪುಟಗಳ ಪಟ್ಟಿ ಅಲ್ಲಿದೆ. ಗುರುತಿಲ್ಲದ ಪ್ರತಿಯೊಂದನ್ನೂ ಒತ್ತಿ ಅನುಮತಿಯನ್ನು ತೆಗೆಯಿರಿ. ಮುಂದೆ ಯಾವ ಪುಟವೂ ಕೇಳದಂತೆ ಮಾಡಲು ಅದೇ ಜಾಗದ ಮೇಲಿನ ಗುಂಡಿಯನ್ನು ಆರಿಸಿಬಿಡಬಹುದು. ಇದರಿಂದ ಬ್ಯಾಂಕಿನ ಎಸ್.ಎಂ.ಎಸ್.ಗಳಿಗೂ ವಾಟ್ಸಾಪಿಗೂ ತೊಂದರೆಯಿಲ್ಲ. ಅವುಗಳ ದಾರಿ ಬೇರೆ.

ದಾರಿ ತಪ್ಪಿಸುವಿಕೆಗೆ: ಅದೇ ಸೈಟ್ ಸೆಟ್ಟಿಂಗ್ಸ್‌ನಲ್ಲಿ 'ಪಾಪ್-ಅಪ್ಸ್ ಅಂಡ್ ರೀಡೈರೆಕ್ಟ್ಸ್' ಎಂಬುದು ಆರಿದೆಯೇ ನೋಡಿ, ಉರಿಯುತ್ತಿದ್ದರೆ ಆರಿಸಿ. ತೆರೆದಿಟ್ಟ ಹಳೆಯ ಪುಟಗಳನ್ನೆಲ್ಲಾ ಮುಚ್ಚಿ. ಕ್ರೋಮ್ ಕೂಡಿಟ್ಟುಕೊಂಡ ಹಳೆಯ ಕಸವನ್ನು, ಅಂದರೆ ಬ್ರೌಸಿಂಗ್ ಡೇಟಾವನ್ನು, ಅಳಿಸಿ. ಹಾಗೆ ಅಳಿಸುವಾಗ ಪಾಸ್‌ವರ್ಡ್ ಎಂಬ ಸಾಲಿಗೆ ಗುರುತು ಹಾಕಬೇಡಿ. ನಿಮ್ಮ ಚಿತ್ರಗಳಿಗೆ ಇದರಿಂದ ಅಪಾಯವಿಲ್ಲ.

ಬಂದಳಿಕೆ ಆ್ಯಪ್‌ಗೆ: ಕಾಟ ಎಂದಿನಿಂದ ಶುರುವಾಯಿತು, ಅದಕ್ಕೆ ಸ್ವಲ್ಪ ಮುಂಚೆ ಏನು ಹಾಕಿಕೊಂಡಿರಿ ಎಂದು ನೆನಪು ಮಾಡಿಕೊಳ್ಳಿ. ಮನೆಯ ಮಕ್ಕಳನ್ನು ಗದರಿಸದೆ ಕೇಳಿ. ಗದರಿಸಿದರೆ ನಿಜ ಹೊರಬರುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಎಂಬಲ್ಲಿ ಪೂರ್ತಿ ಪಟ್ಟಿಯನ್ನು ನೋಡಿ. ಇವು ಹೊರಗೆ ತಮ್ಮ ಚಿತ್ರವನ್ನು ಮರೆಮಾಡಿಕೊಳ್ಳುವುದುಂಟು, ಪಟ್ಟಿಯಲ್ಲಿ ಸಿಕ್ಕಿಬೀಳುತ್ತವೆ. ನೀವು ಹಾಕಿಕೊಳ್ಳದ, ಬಳಸದ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿ. ಫೋನಿನೊಂದಿಗೇ ಬಂದ ಆ್ಯಪ್‌ಗಳ ತಂಟೆಗೆ ಹೋಗಬೇಡಿ.

ಜಾಹೀರಾತು ಅಡ್ಡ ಬಂದು ಕೆಲಸವೇ ಸಾಗದಿದ್ದರೆ ಸೇಫ್ ಮೋಡ್ ಎಂಬ ಉಪಾಯವಿದೆ. ಅನೇಕ ಫೋನುಗಳಲ್ಲಿ ಪವರ್ ಗುಂಡಿಯನ್ನು ಒತ್ತಿ ಹಿಡಿದು, ಪರದೆಯ ಮೇಲೆ ಬರುವ 'ಪವರ್ ಆಫ್' ಎಂಬುದನ್ನು ಬೆರಳಿನಿಂದ ಒತ್ತಿ ಹಿಡಿದರೆ ಸೇಫ್ ಮೋಡಿಗೆ ಹೋಗಲೇ ಎಂದು ಕೇಳುತ್ತದೆ. ಆ ಸ್ಥಿತಿಯಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ನಿದ್ದೆ ಮಾಡುತ್ತವೆ. ಕಾಟ ನಿಂತರೆ ಕಳ್ಳ ಅವುಗಳಲ್ಲೇ ಇದ್ದಾನೆಂದು ತಿಳಿಯಿರಿ. ಅಲ್ಲಿಯೇ ಅದನ್ನು ತೆಗೆದು, ಫೋನನ್ನು ಆರಿಸಿ ಮತ್ತೆ ಹಚ್ಚಿದರೆ ಮೊದಲಿನಂತಾಗುತ್ತದೆ. ತೆಗೆಯುವ ಗುಂಡಿಯೇ ಒತ್ತಲಾಗದಂತಿದ್ದರೆ, ಸೆಟ್ಟಿಂಗ್ಸ್‌ನ ಭದ್ರತೆಯ ಭಾಗದಲ್ಲಿ 'ಡಿವೈಸ್ ಅಡ್ಮಿನ್' ಎಂಬ ಪಟ್ಟಿಯಿಂದ ಅದರ ಅಧಿಕಾರವನ್ನು ಮೊದಲು ಕಿತ್ತುಕೊಳ್ಳಿ. ಕಡೆಗೆ ಪ್ಲೇ ಸ್ಟೋರಿನಲ್ಲಿ ನಿಮ್ಮ ಗುರುತಿನ ಚಿತ್ರವನ್ನು ಒತ್ತಿ, ಪ್ಲೇ ಪ್ರೊಟೆಕ್ಟ್ ಎಂಬಲ್ಲಿ ಒಮ್ಮೆ ತಪಾಸಣೆ ಮಾಡಿಸಿ.

ಇಷ್ಟಾದರೂ ಗುಣವಾಗದಿದ್ದರೆ ಮಾತ್ರ ಫೋನನ್ನು ಪೂರ್ತಿ ಅಳಿಸುವ ಮಾತು. ಅದಕ್ಕೆ ಮೊದಲು ಚಿತ್ರಗಳನ್ನೂ ಫೋನ್ ನಂಬರುಗಳನ್ನೂ ಬೇರೆಡೆ ಉಳಿಸಿಕೊಳ್ಳತಕ್ಕದ್ದು. ಅಂಗಡಿಯವರಿಗೆ ಕೊಡುವಾಗಲೂ 'ಅಳಿಸುವ ಮುಂಚೆ ನನ್ನನ್ನು ಕೇಳಿ' ಎಂದು ಬಾಯಿಬಿಟ್ಟು ಹೇಳಿ.

ಕೆಲವು ತಪ್ಪು ತಿಳಿವಳಿಕೆಗಳು

'ನಿಮ್ಮ ಫೋನಿಗೆ ವೈರಸ್ ತಗುಲಿದೆ' ಎಂದು ಒಂದು ಪುಟ ಹೇಳಿದರೆ ನಂಬಬೇಡಿ. ಪುಟವೊಂದಕ್ಕೆ ನಿಮ್ಮ ಫೋನಿನ ಒಳಗನ್ನು ತಪಾಸಣೆ ಮಾಡುವ ಶಕ್ತಿಯೇ ಇಲ್ಲ. ಶುದ್ಧ ಮಾಡುತ್ತೇವೆಂದು ಅದು ಕೊಡುವ ಆ್ಯಪೇ ಎಷ್ಟೋ ವೇಳೆ ಬಂದಳಿಕೆಯ ಬೀಜ.

ಸರ್ಕಾರದ ಹೆಸರಿದ್ದ ಮಾತ್ರಕ್ಕೆ ಅದು ಸರ್ಕಾರದ್ದಲ್ಲ. ಪಿ.ಎಂ. ಕಿಸಾನ್ ಯೋಜನೆ 2019ರಲ್ಲಿ ಆರಂಭವಾಯಿತು. ಅದರಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಸೇರುವುದೆಂದು ಎಲ್ಲರಿಗೂ ಗೊತ್ತು. ಅದನ್ನೇ ಬಂಡವಾಳ ಮಾಡಿಕೊಂಡು, ಆ ಹೆಸರಿನ ಎ.ಪಿ.ಕೆ. ಕಡತಗಳನ್ನು ವಾಟ್ಸಾಪಿನಲ್ಲಿ ಹರಿಬಿಡುತ್ತಾರೆ. ಅವನ್ನು ಹಾಕಿಕೊಂಡರೆ ಜಾಹೀರಾತಿನ ಕಾಟಕ್ಕಿಂತ ಕೇಡು, ಎಸ್.ಎಂ.ಎಸ್. ಓದಿ ಬ್ಯಾಂಕಿನ ಹಣಕ್ಕೇ ಕೈ ಹಾಕುತ್ತವೆ. ಅಣ್ಣತಮ್ಮಂದಿರೇ ಕಳುಹಿಸಿದ್ದರೂ ಇಂಥ ಕಡತವನ್ನು ತೆರೆಯಕೂಡದು. ಅವರೂ ಮೋಸ ಹೋಗಿ ಕಳುಹಿಸಿರಬಹುದು.

ಸರ್ಕಾರದ ಪುಟವನ್ನು ವಿಳಾಸದ ಕೊನೆಯಿಂದ ಗುರುತಿಸಿ. ಕಾಗದದ ಮೇಲೆ ಕೊನೆಯಲ್ಲಿ ಯಾವ ಊರು ಬರೆದಿದೆಯೋ ಅಲ್ಲಿಗೇ ಅಂಚೆ ಹೋಗುವುದಷ್ಟೆ. ಹಾಗೆಯೇ ಪುಟದ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗೆ ಮುಂಚೆ 'ಡಾಟ್ ಗವ್ ಡಾಟ್ ಇನ್' ಎಂದೇ ಮುಗಿದಿರಬೇಕು. ನಡುವೆ ಎಲ್ಲೋ 'ಗವ್' ಎಂದಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಬೇರೆಯವರ ಮನೆ. ಧಾರಣೆ ನೋಡಲು ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ಪುಟವಿದೆ. ಪಹಣಿಗೆ ಭೂಮಿ ಪುಟವಿದೆ. ಇವನ್ನು ಒಮ್ಮೆ ಸರಿಯಾಗಿ ತೆರೆದು ಗುರುತು ಹಾಕಿಟ್ಟುಕೊಂಡರೆ ದಿನಾ ಹುಡುಕುವ ತೊಂದರೆಯೂ ಇಲ್ಲ, ದಾರಿ ತಪ್ಪುವ ಭಯವೂ ಇಲ್ಲ.

ಹಣ ಹೋದರೆ ತಡಮಾಡಬಾರದು

ಹುಸಿ ಪುಟದಲ್ಲಿ ಬ್ಯಾಂಕಿನ ವಿವರ ಕೊಟ್ಟಿದ್ದರೆ, ಓ.ಟಿ.ಪಿ. ಹೇಳಿದ್ದರೆ ಅಥವಾ ಹಣ ಹೋಗಿದ್ದರೆ ಫೋನಿನ ಡೇಟಾ ಆರಿಸಿ, ಬೇರೊಂದು ಫೋನಿನಿಂದ ಕೂಡಲೇ 1930 ಎಂಬ ಸಹಾಯವಾಣಿಗೆ ತಿಳಿಸಿ. ನಿಮ್ಮ ಬ್ಯಾಂಕಿಗೂ ಹೇಳಿ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾರೆ. ಬೇಗ ತಿಳಿಸಿದರೆ ನಡುವೆ ತಡೆಹಿಡಿಯುವ ಅವಕಾಶವಿದೆ. ನಾಚಿಕೆಯಿಂದ ಬೆಳಗಿನವರೆಗೆ ಕಾದು ಕೂತರೆ ಆ ಅವಕಾಶ ಕೈತಪ್ಪುತ್ತದೆ. ಮೋಸ ಹೋದವರ ತಪ್ಪಿಲ್ಲ; ಮೋಸ ಮಾಡಿದವರದೇ ತಪ್ಪು.

ನೆನಪಿನಲ್ಲಿಡಬೇಕಾದ ಅಂಶಗಳು

1. ಓದದೆ 'ಅನುಮತಿಸಿ' ಎಂಬುದನ್ನು ಒತ್ತಕೂಡದು. ಒತ್ತದಿದ್ದರೆ ಧಾರಣೆ ಕಾಣದೆಂದು ಹೇಳುವ ಪುಟವನ್ನು ಮುಚ್ಚಿಬಿಡಿ.

2. ಪ್ಲೇ ಸ್ಟೋರಿನ ಹೊರಗಿನಿಂದ ಬಂದ ಆ್ಯಪನ್ನು ಹಾಕಿಕೊಳ್ಳಬೇಡಿ. ಅಲ್ಲಿಂದ ತಂದದ್ದೂ ಅವಶ್ಯವೇ ಎಂದು ಯೋಚಿಸಿ. ಟಾರ್ಚು ಫೋನಿನಲ್ಲೇ ಇರುತ್ತದೆ.

3. ತಿಂಗಳಿಗೊಮ್ಮೆ ಆ್ಯಪ್‌ಗಳ ಪಟ್ಟಿಯನ್ನೂ ಅನುಮತಿಯ ಪಟ್ಟಿಯನ್ನೂ ನೋಡಿ. ಹೂ ಬಿಡುವ ಮುನ್ನ ಕಿತ್ತ ಕಳೆ ಬೀಜ ಉದುರಿಸುವುದಿಲ್ಲ.

4. ಚಿತ್ರಗಳ ಒಂದು ಪ್ರತಿ ಬೇರೆಡೆ ಇರಲಿ.

ಬಾಂಧವರೇ, ಊರಿನ ಗುಡಿಯ ಗಂಟೆಯನ್ನು ಯಾರೋ ಪೋಕರಿಗಳು ಹೊತ್ತಿಲ್ಲದ ಹೊತ್ತಿನಲ್ಲಿ ಬಾರಿಸುತ್ತಿದ್ದರೆ, ನಿಜವಾಗಿ ಬೆಂಕಿ ಬಿದ್ದ ದಿನ ಯಾರೂ ಏಳುವುದಿಲ್ಲ. ಫೋನಿನ ಹುಸಿ ಗಂಟೆಗಳಿಂದ ಆಗುವ ದೊಡ್ಡ ನಷ್ಟವೂ ಇದೇ. ಆದರೆ ಆ ಗಂಟೆಯ ಹಗ್ಗವನ್ನು ಅವರ ಕೈಗೆ ಕೊಟ್ಟವರು ನಾವೇ ಆಗಿರುವುದರಿಂದ, ಹಿಂದಕ್ಕೆ ಪಡೆಯುವ ಅಧಿಕಾರವೂ ನಮ್ಮದೇ. ಅದಕ್ಕೆ ಹಣ ಬೇಡ, ಐದು ನಿಮಿಷ ಸಾಕು.

ಈ ಪಾಠವನ್ನು ಓದಿದವರು ಓದಲು ಬಾರದ ನೆರೆಯವರಿಗೂ ಮನೆಯ ಹಿರಿಯರಿಗೂ ಕೈ ಹಿಡಿದು ತೋರಿಸಿಕೊಡಬೇಕಾಗಿ ಕೋರಿಕೆ. ಮುಂದಿನ ಗ್ರಾಮಸಭೆಗೆ ಬರುವಾಗ ಫೋನುಗಳನ್ನು ತನ್ನಿ. ಒಟ್ಟಿಗೆ ಕುಳಿತು ಕಳೆ ಕೀಳೋಣ.