ಮುಯ್ಯಿ ಪುಸ್ತಕದ ಎಪ್ಪತ್ತೆರಡು ತಿಂಗಳು

2017ರ ಏಪ್ರಿಲ್ ಕೊನೆಗೆ ಜಪಾನಿನ ಮೊದಲ ಸಂಬಳ ಬಂತು. ಮಾತಾಡಿಕೊಂಡಿದ್ದ ಮೂರು ಲಕ್ಷ ಯೆನ್ನಿನಲ್ಲಿ ತೆರಿಗೆ ಬಿಟ್ಟರೆ ಹೆಚ್ಚೇನೂ ಕಡಿತವಾಗಿರಲಿಲ್ಲ. ನಾನೂ ಹೆಂಡತಿಯೂ ನಗೋಯಾಕ್ಕೆ ಹೋಗಿ ಒಂದು ಒಳ್ಳೆಯ ರೈಸ್ ಕುಕ್ಕರ್ ತಂದೆವು. ಮೇ ಸಂಬಳ ಬಂದಾಗ 43 ಸಾವಿರ ಯೆನ್ ಮಾಯವಾಗಿತ್ತು. ಸ್ಲಿಪ್ ಹಿಡಿದುಕೊಂಡು ಅಕೌಂಟ್ಸ್‌ನವರ ಮುಂದೆ ನಿಂತೆ. ಅಲ್ಲಿದ್ದ ಹಿರಿಯ ಹೆಂಗಸು ಪೆನ್ಸಿಲ್ ತೆಗೆದು ಮೂರು ಸಾಲುಗಳಿಗೆ ಸುತ್ತು ಹಾಕಿದರು. ಕೆಂಕೋ ಹೋಕೆನ್, ಅಂದರೆ ಆರೋಗ್ಯ ವಿಮೆ, 15 ಸಾವಿರದ ಹತ್ತಿರ. ಕೋಸೇ ನೆಂಕಿನ್, ಅಂದರೆ ಪಿಂಚಣಿ, 27 ಸಾವಿರಕ್ಕೂ ಮೇಲೆ. ಕೋಯೋ ಹೋಕೆನ್, ಅಂದರೆ ಕೆಲಸ ಹೋದರೆ ಸಿಗುವ ವಿಮೆ, 900. ಕೊನೆಗೆ ಹೊರಗಡೆ ಒಂದು ದೊಡ್ಡ ಸುತ್ತು ಹಾಕಿ "ಶಾಕಾಯ್ ಹೋಕೆನ್" ಎಂದರು. ಸಾಮಾಜಿಕ ವಿಮೆ. ಏಪ್ರಿಲ್ ತಿಂಗಳ ಕಂತನ್ನು ಮೇ ಸಂಬಳದಲ್ಲಿ ಹಿಡಿಯುವುದು ಅಲ್ಲಿನ ಪದ್ಧತಿ. ನನ್ನ ರೈಸ್ ಕುಕ್ಕರಿನ ಖುಷಿ ಒಂದು ತಿಂಗಳ ಸಾಲವಾಗಿತ್ತು, ಅಷ್ಟೆ.

ಆ ರಾತ್ರಿ ಪಕ್ಕದ ಊರಿನಲ್ಲಿದ್ದ ಶಿವಮೊಗ್ಗದ ಹಿರಿಯ ಗೆಳೆಯರಿಗೆ ಫೋನ್ ಮಾಡಿದೆ.

"ಅಣ್ಣ, ಇದು ವಾಪಸ್ ಬರತ್ತಾ?"

"ನೆಂಕಿನ್ ಬರತ್ತೆ ಬಿಡೋ. ಊರಿಗೆ ಹೋಗುವಾಗ ಎತ್ಕೊಂಡು ಹೋಗೋದು. ಚೀಟಿ ಇದ್ದ ಹಾಗೆ."

ಆರು ವರ್ಷ ನಾನು ಅದನ್ನು ಚೀಟಿ ಎಂದೇ ತಿಳಿದುಕೊಂಡಿದ್ದೆ. ಹೊರದೇಶಕ್ಕೆ ಕೆಲಸಕ್ಕೆ ಹೊರಟ ನಮ್ಮವರಲ್ಲಿ ಮುಕ್ಕಾಲು ಪಾಲು ಹಾಗೇ ತಿಳಿಯುತ್ತಾರೆ. ಈ ಅಂಕಣ ಆ ತಪ್ಪಿನ ಲೆಕ್ಕ.

ಚೀಟಿಯಲ್ಲಿ ಹಾಕಿದ್ದು ಬರಲೇಬೇಕು. ಸ್ವಲ್ಪ ಹಿಂದೆ ಮುಂದೆ, ಅಷ್ಟೆ. ಸಾಮಾಜಿಕ ವಿಮೆಯ ಸ್ವಭಾವ ಹಿರಿಯೂರಿನ ನಮ್ಮ ಅಜ್ಜಿಯ ಮುಯ್ಯಿ ಪುಸ್ತಕಕ್ಕೆ ಹತ್ತಿರ. ಯಾರ ಮನೆಯಲ್ಲಿ ಮದುವೆಯೋ ಅಲ್ಲಿ ಹೋಗಿ ಮುಯ್ಯಿ ಓದಿಸುವುದು, ನಮ್ಮ ಮನೆಯಲ್ಲಿ ಕಾರ್ಯವಾದಾಗ ಅದು ತಿರುಗಿ ಬರುವುದು. ಇವತ್ತು ಕೊಟ್ಟ ದುಡ್ಡು ಇವತ್ತೇ ಯಾರದೋ ಚಪ್ಪರಕ್ಕೆ ಖರ್ಚಾಗಿರುತ್ತದೆ. ನಮ್ಮ ಹತ್ತಿರ ಉಳಿಯುವುದು ಪುಸ್ತಕದಲ್ಲಿ ಬರೆದ ಹೆಸರು ಮಾತ್ರ. ಜಪಾನಿನಲ್ಲೂ ಹಾಗೆಯೇ: ನನ್ನ ಸಂಬಳದಿಂದ ಹೋದ ನೆಂಕಿನ್‌ನಲ್ಲಿ ಬಹುಪಾಲು ಆ ವರ್ಷದ ಮುದುಕರ ಪಿಂಚಣಿಗೆ ಸಂದಾಯವಾಗುತ್ತಿತ್ತು. ನನಗೆ ಸಿಕ್ಕಿದ್ದು ಒಂದು ಪುಟ್ಟ ನೀಲಿ ಪುಸ್ತಕ, ಅದರಲ್ಲೊಂದು ನಂಬರ್.

ಮೊದಲ ಕಾರ್ಯ ಆಸ್ಪತ್ರೆಯಲ್ಲಿ

2018ರ ಮಳೆಗಾಲದಲ್ಲಿ ಹೆಂಡತಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಅವಳು ಅಲ್ಲಿ ಕೆಲಸಕ್ಕಿರಲಿಲ್ಲ, ನನ್ನ ಅವಲಂಬಿತೆ. ಅದಕ್ಕಾಗಿ ನನ್ನ ಕಂತು ಒಂದು ಯೆನ್ನೂ ಹೆಚ್ಚಿರಲಿಲ್ಲ. ಒಟ್ಟು ಚಿಕಿತ್ಸೆಯ ಖರ್ಚು ಏಳು ಲಕ್ಷ ಯೆನ್. ವಿಮೆಯಿದ್ದವರು ಕೈಯಿಂದ ಕೊಡಬೇಕಾದ್ದು ಶೇ. 30, ಅಂದರೆ 2,10,000. ನಾನು ಅಷ್ಟನ್ನೂ ಹೊಂದಿಸಿಕೊಂಡು ಹೋಗಿದ್ದೆ. ಕೌಂಟರಿನ ಹುಡುಗಿ ಕೇಳಿದ್ದು ಒಂದು ಹಾಳೆಯನ್ನು: ವಿಮಾ ಸಂಸ್ಥೆಯಿಂದ ಮೊದಲೇ ತರಿಸಿಕೊಳ್ಳಬೇಕಾದ ಮಿತಿ ಪ್ರಮಾಣಪತ್ರ. ಅದೃಷ್ಟಕ್ಕೆ ಅಕೌಂಟ್ಸ್‌ನ ಆ ಹೆಂಗಸೇ ಅದನ್ನು ಆಪರೇಷನ್ ದಿನವೇ ತರಿಸಿಟ್ಟಿದ್ದರು. ನನ್ನ ಸಂಬಳದ ಶ್ರೇಣಿಗೆ ತಿಂಗಳ ಮಿತಿ 80,100 ಯೆನ್. ಒಟ್ಟು ಖರ್ಚು 2,67,000 ದಾಟಿದರೆ, ದಾಟಿದ್ದಕ್ಕೆ ಶೇ. 1 ಸೇರಿಸಬೇಕು. ನಾನು ಕೊಟ್ಟಿದ್ದು 84,430 ಯೆನ್, ಜೊತೆಗೆ ಊಟದ ದುಡ್ಡು. ಆ ಹಾಳೆ ಇರದಿದ್ದರೆ ಮೊದಲು ಪೂರ್ತಿ ಕಟ್ಟಿ, ಅರ್ಜಿ ಹಾಕಿ, ತಿಂಗಳುಗಟ್ಟಲೆ ಕಾಯಬೇಕಿತ್ತು.

ಅವತ್ತು ಆ ಸ್ಲಿಪ್ಪಿನ ಮೊದಲ ಸಾಲಿನ ಮೇಲೆ ನನಗಿದ್ದ ಸಿಟ್ಟು ಹೋಯಿತು. ಅದೇ ವಿಮೆಯಲ್ಲಿ, ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ಸಂಬಳದ ಮೂರನೇ ಎರಡು ಭಾಗ ಒಂದೂವರೆ ವರ್ಷದವರೆಗೆ ಬರುತ್ತದೆ. ಕೆಲಸದ ಜಾಗದಲ್ಲಿ ಪೆಟ್ಟಾದರೆ ಅದಕ್ಕೆ ಬೇರೆಯೇ ವಿಮೆ. ಅದರ ಕಂತು ಪೂರ್ತಿ ಕಂಪನಿಯದು. ನಿಮ್ಮ ವೀಸಾ ಯಾವುದು, ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಇವುಗಳಲ್ಲಿ ಯಾವುದೂ ಕೇಳುವುದಿಲ್ಲ.

ವಸಂತದ ಓವರ್‌ಟೈಮ್

ಕಂತಿನ ಲೆಕ್ಕ ಹೇಗೆ ಎನ್ನುವುದನ್ನು ಕಲಿಯಲು ಇನ್ನೊಂದು ಪೆಟ್ಟು ಬೇಕಾಯಿತು. ಪ್ರತಿ ತಿಂಗಳ ಸಂಬಳಕ್ಕೆ ಪ್ರತ್ಯೇಕವಾಗಿ ಲೆಕ್ಕ ಹಾಕುವುದಿಲ್ಲ. ಏಪ್ರಿಲ್, ಮೇ, ಜೂನ್ ಮೂರು ತಿಂಗಳಲ್ಲಿ ಕೈಗೆ ಬಂದ ಸಂಬಳದ ಸರಾಸರಿ ತೆಗೆದು ನಿಮ್ಮನ್ನು ಒಂದು ಶ್ರೇಣಿಯಲ್ಲಿ ಕೂರಿಸುತ್ತಾರೆ. ಸೆಪ್ಟೆಂಬರ್‌ನಿಂದ ಮುಂದಿನ ಆಗಸ್ಟ್‌ವರೆಗೆ ಕಂತು ಅದೇ ಶ್ರೇಣಿಯದು. ನಾನು ಒಂದು ವಸಂತದಲ್ಲಿ ಹೊಸ ಯಂತ್ರ ಕೂರಿಸುವ ಗಡಿಬಿಡಿಯಲ್ಲಿ ರಾತ್ರಿ ಹತ್ತರವರೆಗೆ ದುಡಿದೆ. ಬೇಸಿಗೆಯಲ್ಲಿ ಕೆಲಸ ತಣ್ಣಗಾಯಿತು, ಓವರ್‌ಟೈಮ್ ನಿಂತಿತು. ಅಕ್ಟೋಬರ್ ಸ್ಲಿಪ್‌ನಲ್ಲಿ ಸಂಬಳ ಕಡಿಮೆ, ಕಂತು ಹೆಚ್ಚು. ಅಲ್ಲಿನ ಹಳಬರು ವಸಂತ ಬಂದರೆ ಸಂಜೆ ಆರಕ್ಕೇ ಚೀಲ ಹೆಗಲಿಗೇರಿಸುತ್ತಿದ್ದುದು ಚೆರ್ರಿ ಹೂ ನೋಡಲು ಮಾತ್ರ ಅಲ್ಲ ಎಂದು ಆಗ ಗೊತ್ತಾಯಿತು. ಇನ್ನೂ ಒಂದು ಮಾತು: ಓಡಾಟಕ್ಕೆ ಕಂಪನಿ ಕೊಡುವ ರೈಲು ಪಾಸಿನ ದುಡ್ಡೂ ಈ ಸರಾಸರಿಗೆ ಸೇರುತ್ತದೆ. ಬಾಡಿಗೆ ಕಡಿಮೆ ಎಂದು ದೂರದಲ್ಲಿ ಮನೆ ಮಾಡುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗೆಂದು ಹೆಚ್ಚಿದ ಕಂತು ಪೂರ್ತಿ ಹಾಳೂ ಅಲ್ಲ. ಮುಯ್ಯಿ ದೊಡ್ಡದಾದರೆ ಪುಸ್ತಕದಲ್ಲಿ ಅಂಕಿಯೂ ದೊಡ್ಡದು. ಪಿಂಚಣಿ ಕಂತು 2017ರ ಸೆಪ್ಟೆಂಬರ್‌ನಿಂದ ಶೇ. 18.3ಕ್ಕೆ ನಿಂತಿದೆ. ಅರ್ಧ, ಅಂದರೆ 9.15, ನಮ್ಮದು, ಅರ್ಧ ಕಂಪನಿಯದು. ಈ ಎರಡನೇ ಅರ್ಧವನ್ನು ಸ್ಲಿಪ್ ತೋರಿಸುವುದಿಲ್ಲ. ಕಣ್ಣಿಗೆ ಕಾಣದ್ದನ್ನು ನಾನು ಲೆಕ್ಕಕ್ಕೂ ತೆಗೆದುಕೊಳ್ಳಲಿಲ್ಲ. ಮುಂದಿನ ಎಡವಟ್ಟಿಗೆ ಅದೇ ಮೂಲ.

ಊರಿಗೆ ಹೊರಟ ದಿನ

2023ರ ಮಾರ್ಚ್ ಕೊನೆಗೆ ಆರು ವರ್ಷ, ಸರಿಯಾಗಿ 72 ತಿಂಗಳು ಮುಗಿಸಿ ಹೊರಟೆವು. ಅಲ್ಲಿನ ನಿಯಮದಂತೆ, ಹತ್ತು ವರ್ಷ ತುಂಬದೆ ದೇಶ ಬಿಡುವ ವಿದೇಶಿಯರು ದತ್ತಾಯ್ ಇಚಿಜಿಕಿನ್ ಎಂಬ ಇಡಿಗಂಟನ್ನು ಕೇಳಬಹುದು. ನಗರ ಕಚೇರಿಯಲ್ಲಿ ಊರು ಬಿಡುವ ಅರ್ಜಿ ಕೊಟ್ಟು, ವಿಳಾಸ ತೆಗೆಸಿ, ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ನಕಲು, ಬ್ಯಾಂಕಿನ ಪತ್ರ, ನೀಲಿ ಪುಸ್ತಕದ ನಂಬರು ಸೇರಿಸಿ ಬೆಂಗಳೂರಿನಿಂದ ಟೋಕಿಯೋದ ಸುಗಿನಾಮಿಯಲ್ಲಿರುವ ಪಿಂಚಣಿ ಕಚೇರಿಗೆ ಅಂಚೆಯಲ್ಲಿ ಕಳಿಸಿದೆ.

ಲೆಕ್ಕ ಹೀಗಿತ್ತು. ಬೋನಸ್ ಸೇರಿ ನನ್ನ ತಿಂಗಳ ಸರಾಸರಿ 3,60,000 ಯೆನ್. ಎಷ್ಟೇ ವರ್ಷ ಕಟ್ಟಿರಲಿ, ಇಡಿಗಂಟು 60 ತಿಂಗಳಿಗೆ ಮಾತ್ರ. 2021ರ ಏಪ್ರಿಲ್‌ಗೆ ಮುಂಚೆ ಅದೂ 36 ತಿಂಗಳಿಗೆ ನಿಲ್ಲುತ್ತಿತ್ತು. 60 ತಿಂಗಳಿಗೆ ಗುಣಕ 5.5. ಹಾಗಾಗಿ 19,80,000 ಯೆನ್, ಆಗಿನ ದರದಲ್ಲಿ ಹನ್ನೊಂದು ಲಕ್ಷ ರೂಪಾಯಿಯ ಆಸುಪಾಸು. ಅದರಲ್ಲಿ ಶೇ. 20.42 ತೆರಿಗೆ, ಅಂದರೆ 4,04,316 ಯೆನ್ ಮೂಲದಲ್ಲೇ ಕಡಿತ. ಈ ತೆರಿಗೆಯನ್ನು ಮರಳಿ ಕೇಳಬಹುದು. ಅದಕ್ಕೆ ಜಪಾನಿನಲ್ಲಿ ವಾಸವಿರುವ ಯಾರನ್ನಾದರೂ ನಿಮ್ಮ ತೆರಿಗೆ ಪ್ರತಿನಿಧಿ ಎಂದು ತೆರಿಗೆ ಕಚೇರಿಗೆ ತಿಳಿಸಬೇಕು. ಅವರು ಆಡಿಟರ್ ಆಗಿರಬೇಕೆಂದೇನಿಲ್ಲ. ನನ್ನ ಪರವಾಗಿ ಶಿವಮೊಗ್ಗದ ಅಣ್ಣನೇ ಓಡಾಡಿದರು. ಟೋಕಿಯೋದಿಂದ ಬಂದ ನಿರ್ಧಾರ ಪತ್ರದ ಮೂಲ ಪ್ರತಿಯನ್ನು ಅವರಿಗೆ ಕಳಿಸಿದೆ, ದುಡ್ಡು ಮರಳಿತು. ಎಷ್ಟೋ ಜನ ಈ ಐದನೇ ಒಂದು ಪಾಲನ್ನು ಗೊತ್ತಿಲ್ಲದೆ ಬಿಟ್ಟು ಬಂದಿದ್ದಾರೆ.

ಎಲ್ಲ ಸರಿಯಾಗಿಯೇ ಮಾಡಿದೆ ಎಂದು ಬೀಗುತ್ತಿದ್ದೆ. ಮರುವರ್ಷ ಒಬ್ಬ ಕಿರಿಯ ಸಹೋದ್ಯೋಗಿ ಅದೇ ಅರ್ಜಿ ತುಂಬಿಸಿಕೊಡಿ ಎಂದು ಬಂದಾಗ, ಅದರ ಸೂಚನೆಗಳನ್ನು ಮೊದಲ ಸಲ ಪೂರ್ತಿ ಓದಿದೆ. ಅಲ್ಲೊಂದು ಎಚ್ಚರಿಕೆ ಇತ್ತು: ಇಡಿಗಂಟು ತೆಗೆದುಕೊಂಡರೆ ಅಲ್ಲಿಯವರೆಗಿನ ನಿಮ್ಮ ಪಿಂಚಣಿ ಅವಧಿ ಅಳಿಸಿಹೋಗುತ್ತದೆ, ನಿಮ್ಮ ದೇಶದೊಂದಿಗೆ ಒಪ್ಪಂದವಿದ್ದರೆ ಆ ಅವಧಿಯನ್ನು ಮತ್ತೆ ಸೇರಿಸಲಾಗದು.

ಒಪ್ಪಂದ ಇತ್ತು. ಭಾರತ ಮತ್ತು ಜಪಾನ್ 2012ರ ನವೆಂಬರ್‌ನಲ್ಲಿ ಸಹಿ ಹಾಕಿದ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಒಂದು ಮುಖ ನನಗೆ ಗೊತ್ತಿತ್ತು. ಬೆಂಗಳೂರಿನ ಕಂಪನಿಯಿಂದ ಡೆಪ್ಯುಟೇಶನ್ ಮೇಲೆ ಬಂದಿದ್ದ ದಾವಣಗೆರೆ ಹುಡುಗನಿಗೆ ನೆಂಕಿನ್ ಕಡಿತವೇ ಇರಲಿಲ್ಲ. ನಮ್ಮ ಪಿಎಫ್ ಕಚೇರಿ ಕೊಟ್ಟ ವ್ಯಾಪ್ತಿ ಪ್ರಮಾಣಪತ್ರ ಅವನ ಬಳಿ ಇತ್ತು. ಹಾಗೆ ಕಳಿಸಲ್ಪಟ್ಟವರು ಐದು ವರ್ಷದವರೆಗೆ ಊರಿನ ಪಿಎಫ್ ಒಂದನ್ನೇ ಕಟ್ಟಿದರೆ ಸಾಕು. ಆರೋಗ್ಯ ವಿಮೆಗೆ ಈ ವಿನಾಯಿತಿ ಇಲ್ಲ. ನಾನು ಅಲ್ಲಿಯ ಕಂಪನಿಗೇ ನೇರವಾಗಿ ಸೇರಿದವನು, ಹಾಗಾಗಿ ಇದು ನನಗಲ್ಲ ಎಂದು ಸುಮ್ಮನಾಗಿದ್ದೆ.

ಇನ್ನೊಂದು ಮುಖವಿತ್ತು. ಪಿಂಚಣಿಗೆ ಬೇಕಾದ ಹತ್ತು ವರ್ಷವನ್ನು ಎರಡೂ ದೇಶದ ವರ್ಷಗಳನ್ನು ಕೂಡಿಸಿ ತೋರಿಸಬಹುದು. ಪೀಣ್ಯದಲ್ಲಿ ನಾನು ದುಡಿದ ಐದು ವರ್ಷ ಪಿಎಫ್‌ನ ಇಪಿಎಸ್ ಎಂಬ ಪಿಂಚಣಿ ಖಾತೆಯಲ್ಲಿ ಹಾಗೇ ಇತ್ತು. ಐದು ಮತ್ತು ಆರು, ಹನ್ನೊಂದು. ವಿಮಾನ ಹತ್ತುವ ದಿನವೇ ನಾನು ಜಪಾನಿನ ಪಿಂಚಣಿಗೆ ಅರ್ಹ. ಹಣ ಮಾತ್ರ ಅಲ್ಲಿಯ ಆರು ವರ್ಷಕ್ಕೆ ತಕ್ಕಷ್ಟು ಬರುತ್ತಿತ್ತು.

ಎಷ್ಟು ಬರುತ್ತಿತ್ತು? ಮೂಲ ಪಿಂಚಣಿ 480 ತಿಂಗಳು ತುಂಬಿದವರಿಗೆ 2024ರ ದರದಲ್ಲಿ ವರ್ಷಕ್ಕೆ 8,16,000 ಯೆನ್. ನನ್ನ 72 ತಿಂಗಳಿಗೆ 1,22,400. ಸಂಬಳಕ್ಕೆ ತಕ್ಕ ಭಾಗ ಸುಮಾರು 1,42,000. ಎರಡೂ ಸೇರಿ ವರ್ಷಕ್ಕೆ 2,64,000 ಯೆನ್, ತಿಂಗಳಿಗೆ 22 ಸಾವಿರ, 65 ತುಂಬಿದ ಮೇಲೆ ಬದುಕಿರುವವರೆಗೆ. ನಾನು ತೆಗೆದುಕೊಂಡ 19,80,000 ಯೆನ್ನನ್ನು ಈ ವರ್ಷದ ಮೊತ್ತದಿಂದ ಭಾಗಿಸಿ ನೋಡಿ: ಏಳೂವರೆ ವರ್ಷ. ಎಪ್ಪತ್ಮೂರಕ್ಕೆ ಕಾಲಿಡುವ ಹೊತ್ತಿಗೆ ಇಡಿಗಂಟಿನಷ್ಟು ಬಂದಿರುತ್ತಿತ್ತು, ಆಮೇಲಿನದೆಲ್ಲ ಲಾಭ. ನಮ್ಮ ಅಜ್ಜಿ ತೊಂಬತ್ತೊಂದರವರೆಗೆ ಇದ್ದರು.

ನ್ಯಾಯವಾಗಿ ಎದುರು ಪಕ್ಷವನ್ನೂ ಹೇಳಬೇಕು. ಇಡಿಗಂಟನ್ನು ಮೂವತ್ತೈದರ ವಯಸ್ಸಿನಲ್ಲಿ ತಂದು ಒಳ್ಳೆಯ ಕಡೆ ತೊಡಗಿಸಿ ಮೂವತ್ತು ವರ್ಷ ಮುಟ್ಟದೇ ಇದ್ದರೆ ಅದೂ ಬೆಳೆಯುತ್ತದೆ, ಯೆನ್ನಿನ ಏರಿಳಿತದ ತಲೆನೋವೂ ಇರುವುದಿಲ್ಲ. ಸಾಲ ತೀರಿಸಲು ಬೇಕಾದವರಿಗೆ ಅದೇ ಸರಿ. ನನ್ನ ಇಡಿಗಂಟು ಸೈಟಿನ ಕಂತು, ಕಾರು, ಒಂದು ಮದುವೆ, ಇವುಗಳಲ್ಲಿ ಕರಗಿತು. ಕಂಪನಿ ನನ್ನ ಹೆಸರಿನಲ್ಲಿ ಕಟ್ಟಿದ್ದರಲ್ಲಿ ಬಿಡಿಗಾಸೂ ನನಗೆ ಬರಲಿಲ್ಲ. ನನ್ನ ಪಾಲಿನಲ್ಲೂ ಕೊನೆಯ ಹನ್ನೆರಡು ತಿಂಗಳದು, ಹತ್ತಿರ ಹತ್ತಿರ ನಾಲ್ಕು ಲಕ್ಷ ಯೆನ್, ಅಲ್ಲೇ ಉಳಿಯಿತು.

ಹೊರಡುವವರಿಗೆ

ಬೇರೆ ದೇಶಕ್ಕೆ ಹೊರಟವರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಭಾರತಕ್ಕೂ ಆ ದೇಶಕ್ಕೂ ಒಪ್ಪಂದ ಇದೆಯೇ? ಜರ್ಮನಿಯೊಂದಿಗಿನ ಒಪ್ಪಂದ 2017ರ ಮೇನಿಂದ ಜಾರಿಯಲ್ಲಿದೆ. ಅಲ್ಲಿ ಪಿಂಚಣಿಗೆ ಐದು ವರ್ಷ ಸಾಕು. ಅಮೆರಿಕದೊಂದಿಗೆ ಇಲ್ಲ. ಎಚ್-1ಬಿ ಮೇಲೆ ಹೋದವರು ಸೋಶಿಯಲ್ ಸೆಕ್ಯುರಿಟಿಗೆ ಶೇ. 6.2, ಮೆಡಿಕೇರ್‌ಗೆ ಶೇ. 1.45 ಕಟ್ಟುತ್ತಾರೆ. ಪಿಂಚಣಿಗೆ 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು. ಅದಕ್ಕೆ ಮುಂಚೆ ಹೊರಟರೆ ಇಡಿಗಂಟಿನ ಮಾತೇ ಇಲ್ಲ.

ಎರಡನೆಯದು, ಊರಿನ ಇಪಿಎಸ್ ದುಡ್ಡನ್ನು ಹೊರಡುವ ಅವಸರದಲ್ಲಿ ತೆಗೆಯಬೇಡಿ. ಅಲ್ಲಿರುವುದು ಚಿಲ್ಲರೆ ಎನಿಸಬಹುದು, ಆದರೆ ಕೂಡಿಸಲು ಬೇಕಾದ ವರ್ಷಗಳು ಅದರಲ್ಲಿವೆ. ಮೂರನೆಯದು, ನಿಮ್ಮನ್ನು ಊರಿನ ಕಂಪನಿ ಕಳಿಸುತ್ತಿದೆಯೋ, ಅಲ್ಲಿಯ ಕಂಪನಿ ಕರೆಸಿಕೊಳ್ಳುತ್ತಿದೆಯೋ ನೋಡಿ. ಕಳಿಸುತ್ತಿದ್ದರೆ ವ್ಯಾಪ್ತಿ ಪ್ರಮಾಣಪತ್ರ ಕೈಗೆ ಬಾರದೆ ವಿಮಾನ ಹತ್ತಬೇಡಿ. ನಾಲ್ಕನೆಯದು, ನಿಯಮಗಳು ಬದಲಾಗುತ್ತಿರುತ್ತವೆ: ಇಡಿಗಂಟಿನ ಐದು ವರ್ಷದ ಮಿತಿಯನ್ನು ಎಂಟಕ್ಕೆ ಏರಿಸುವ ಕಾನೂನಿಗೆ ಜಪಾನಿನ ಸಂಸತ್ತು 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಎಂದು ನೋಡಿಕೊಳ್ಳಿ. ಅರ್ಜಿಯ ಸೂಚನೆಗಳನ್ನು ಕೊನೆಯವರೆಗೆ ಓದಿ.

ಕಳೆದ ದೀಪಾವಳಿಗೆ ಬೀರು ಖಾಲಿ ಮಾಡುವಾಗ ಎರಡು ನೀಲಿ ಪುಸ್ತಕ ಸಿಕ್ಕವು. ಒಂದು ನನ್ನದು, ಈಗ ಬರೀ ನೆನಪಿಗೆ. ಇನ್ನೊಂದು ಹೆಂಡತಿಯದು. ಕೋಸೇ ನೆಂಕಿನ್ ಕಟ್ಟುವವರ ಅವಲಂಬಿತ ಸಂಗಾತಿಗೆ, ಒಂದು ಯೆನ್ನೂ ಕಟ್ಟದಿದ್ದರೂ, ಮೂಲ ಪಿಂಚಣಿಯ ತಿಂಗಳುಗಳು ಜಮೆಯಾಗುತ್ತ ಹೋಗುತ್ತವೆ. ಕಂತು ಕಟ್ಟದವರಿಗೆ ಇಡಿಗಂಟು ಇಲ್ಲ. ಹಾಗಾಗಿ ಅವಳು ಅರ್ಜಿ ಹಾಕುವ ಪ್ರಶ್ನೆಯೇ ಬಂದಿರಲಿಲ್ಲ, 72 ತಿಂಗಳೂ ಅಳಿಯದೆ ಕೂತಿದ್ದವು. ಜಪಾನಿಗೆ ಹೋಗುವ ಮುಂಚೆ ಖಾಸಗಿ ಶಾಲೆಯಲ್ಲಿ ಪಾಠ ಹೇಳಿದ ಐದು ವರ್ಷದ ಇಪಿಎಸ್ ಕೂಡಿಸಿದರೆ ಹನ್ನೊಂದು. 65 ತುಂಬಿದ ಮೇಲೆ, ಅದೇ 2024ರ ದರದಲ್ಲಿ, ವರ್ಷಕ್ಕೆ 1,22,400 ಯೆನ್.

ಹಾಳೆಯ ಮೇಲೆ ಲೆಕ್ಕ ಬರೆದು ತೋರಿಸಿದೆ. ಎರಡು ಸಲ ನೋಡಿದಳು. ಆಮೇಲೆ ತನ್ನ ಪುಸ್ತಕವನ್ನು ಒಡವೆ ಡಬ್ಬಿಯ ಕೆಳಗಿಟ್ಟು ಬೀಗ ಹಾಕುತ್ತ ಹೇಳಿದಳು: "ಮುಯ್ಯಿ ಓದಿಸಿದ್ದು ನೀವು ರೀ. ಹೆಸರು ಉಳಿದಿದ್ದು ನಂದು."