ಪ್ರಾದೇಶಿಕ ಅಧ್ಯಯನದ ಎಂ.ಎ.: ಅರ್ಹತೆ ಯಾವುದು?

ಒಂದು ನಾಡನ್ನು ಇತಿಹಾಸ, ಭಾಷೆ, ಭೂಗೋಳ, ಅರ್ಥಶಾಸ್ತ್ರಗಳ ಕೂಡುನೋಟದಿಂದ ಅರಿಯುವುದೇ ಪ್ರಾದೇಶಿಕ ಅಧ್ಯಯನ. ಅದರ ಎಂ.ಎ.ಗೆ ಯಾರು ಅರ್ಹರೆಂಬುದನ್ನು ನಮ್ಮ ಜಿಲ್ಲೆಯನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರಿಸುತ್ತೇನೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2024ರ ಚೌಕಟ್ಟಿನಂತೆ 3 ವರ್ಷದ ಪದವೀಧರರಿಗೆ ಎಂ.ಎ. 2 ವರ್ಷ; 4 ವರ್ಷ ಓದಿದವರಿಗೆ 1 ವರ್ಷ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರು ತಾವು ಓದದ ವಿಷಯಕ್ಕೂ ಸೇರಬಹುದು.

ಬೀದರಿಗೆ ಇಷ್ಟೇ ಸಾಲದು. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ ಗವಾನನ ಕಾಲವನ್ನರಿಯಲು ಪಾರಸಿ ಬೇಕು. ನಿಜಾಮರ ಕೊನೆಯ ದಶಕಗಳ ಕಾಗದಪತ್ರಗಳಿಗೆ ಉರ್ದು ಬೇಕು. 1956ರಲ್ಲಿ ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. ಅದೇ ಜಿಲ್ಲೆಯ ಉದಗೀರ ಮುಂಬಯಿ ರಾಜ್ಯಕ್ಕೆ ಹೋಯಿತು. ಗಡಿ ಬದಲಾಯಿತು, ಮಾತು ಬದಲಾಗಲಿಲ್ಲ. ಔರಾದದ ವಿದ್ಯಾರ್ಥಿಗೆ ಮನೆ-ಸಂತೆಗಳಲ್ಲಿ ದೊರೆತ ಮರಾಠಿ ಅಂಕಪಟ್ಟಿಯಲ್ಲಿ ಕಾಣದು. ಈ ಅಧ್ಯಯನಕ್ಕೋ ಅದೇ ಬಂಡವಾಳ.

ಆದುದರಿಂದ ನನ್ನ ಸೂಚನೆಗಳು ಮೂರು: ಪ್ರವೇಶದಲ್ಲಿ ಕನ್ನಡದ ಜೊತೆ ಇನ್ನೊಂದು ಸ್ಥಳೀಯ ಭಾಷೆಯ ಜ್ಞಾನಕ್ಕೆ ಅಂಕವಿರಲಿ, ಪದವಿಗೆ ಮುನ್ನ ಒಂದು ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಕಡ್ಡಾಯವಾಗಲಿ, ಪ್ರಬಂಧಕ್ಕೆ ಎರಡು ಬೇರೆ ಶಾಸ್ತ್ರಗಳ ಅಧ್ಯಾಪಕರು ಮಾರ್ಗದರ್ಶಕರಾಗಿರಲಿ.

2023ರಲ್ಲಿ ಬೀದರ ವಿಶ್ವವಿದ್ಯಾಲಯ ಸ್ಥಾಪನೆಯಾಗಿರುವುದರಿಂದ ಈ ವಿಚಾರ ದೂರದ್ದಲ್ಲ. ಗುರುಗಳೂ ಸಹಪಾಠಿಗಳೂ ಇದನ್ನು ಚರ್ಚಿಸಬೇಕೆಂದು ನನ್ನ ವಿನಂತಿ.