ಸಿಂಗಲ್ ಮಾಲ್ಟ್ ವಿಸ್ಕಿಯ ರುಚಿ ಪರೀಕ್ಷೆ: ಕಾಫಿ ಬೆಳೆಗಾರರು ತಿಳಿಯಬೇಕಾದದ್ದು



ಬಾಣಸವಾಡಿ, ಇಂದಿರಾನಗರದ ಕಡೆ ಮನೆ ಮಾಡಿಕೊಂಡಿರುವ ನಮ್ಮ ಸದಸ್ಯರ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಒಂದು ಸಿಂಗಲ್ ಮಾಲ್ಟ್ ಬಾಟಲಿ ತರುವುದು ಈಗ ಅಪರೂಪವಲ್ಲ. ಬೆಲೆ ಕೇಳಿ ಹಿರಿಯರು ಹುಬ್ಬೇರಿಸುತ್ತಾರೆ. ಆಮೇಲೆ ಐಸು, ಸೋಡಾ ಸುರಿದು ಎರಡು ಗುಟುಕಿನಲ್ಲಿ ಮುಗಿಸುತ್ತಾರೆ. ಕುಡಿತಕ್ಕೆ ಪ್ರೋತ್ಸಾಹ ಕೊಡುವುದು ನಮ್ಮ ಉದ್ದೇಶವಲ್ಲ. ಕುಡಿಯದವರೂ ಇದನ್ನು ಓದಬಹುದು. ಕಾಫಿಯಂತೆಯೇ ಮೂಗು ಮತ್ತು ನಾಲಿಗೆಯ ತೀರ್ಪಿನಿಂದ ಬೆಲೆ ಕಟ್ಟಿಸಿಕೊಳ್ಳುವ ವಸ್ತು ಇದು. ಅದನ್ನು ಪರೀಕ್ಷಿಸುವ ಕ್ರಮ ತಿಳಿದರೆ ನಮ್ಮ ಬೆಳೆಯನ್ನು ಇತರರು ಹೇಗೆ ಅಳೆಯುತ್ತಾರೆಂಬುದೂ ತಿಳಿಯುತ್ತದೆ.

ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ಒಂದೇ ಭಟ್ಟಿಯಲ್ಲಿ, ತಾಮ್ರದ ಹಂಡೆಗಳಲ್ಲಿ ಇಳಿಸಿದ್ದು ಸಿಂಗಲ್ ಮಾಲ್ಟ್. ಅದನ್ನು ಸ್ಕಾಚ್ ಎನ್ನಬೇಕಾದರೆ ಸ್ಕಾಟ್ಲೆಂಡಿನಲ್ಲೇ ಇಳಿಸಿ, ಅಲ್ಲಿಯೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟಿರಬೇಕು. ಮದ್ಯಸಾರ ಶೇಕಡಾ 40ಕ್ಕೆ ಕಡಿಮೆ ಇರಕೂಡದು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳ ಹೆಸರನ್ನು ಬೇರೆ ಊರಿನ ಕಾಫಿಗೆ ಹಚ್ಚಲಾಗದಂತೆಯೇ ಇದೂ.

ಪರೀಕ್ಷೆಗೆ ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಗಾಜಿನ ಲೋಟ ಬೇಕು. ವಾಸನೆ ಚದುರದೆ ಮೇಲಕ್ಕೆ ಬರುತ್ತದೆ. ಬಣ್ಣ ನೋಡಿ ಮರುಳಾಗಬಾರದು. ಸುಟ್ಟ ಸಕ್ಕರೆಯ ಬಣ್ಣ ಸೇರಿಸಲು ಸ್ಕಾಟ್ಲೆಂಡಿನ ಕಾನೂನೇ ಅವಕಾಶ ಕೊಟ್ಟಿದೆ. ಅಡಿಕೆಯನ್ನು ಹೊರಗಿನ ಬಣ್ಣದಿಂದಲೇ ಕೊಳ್ಳದೆ ಕತ್ತರಿಸಿ ನೋಡುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮುಖ್ಯ ಕೆಲಸವೆಲ್ಲ ಮೂಗಿನದು. ಲೋಟದೊಳಗೆ ಮೂಗು ತುರುಕಿದರೆ ಮದ್ಯಸಾರದ ಘಾಟು ಹೊಡೆದು ಮೂಗು ಸತ್ತಂತಾಗುತ್ತದೆ. ಲೋಟವನ್ನು ಸ್ವಲ್ಪ ದೂರ ಹಿಡಿದು, ಬಾಯಿ ತುಸು ತೆರೆದು, ನಿಧಾನವಾಗಿ ಆಘ್ರಾಣಿಸಬೇಕು. ಮಾಗಿದ ಬಾಳೆಹಣ್ಣು, ಬೆಲ್ಲ, ಲವಂಗ, ಜೇನು, ಹೀಗೆ ನಮ್ಮ ಮನೆಯ ಹೆಸರುಗಳನ್ನೇ ಕೊಡಬಹುದು; ಪುಸ್ತಕದ ಹೆಸರುಗಳಿಗೆ ತಡಕಾಡಬೇಕಾಗಿಲ್ಲ. ಓಕ್ ಮರದಿಂದ ವೆನಿಲ್ಲಾ ಪರಿಮಳ ಇಳಿಯುತ್ತದೆ. ಒಂದು ಕಾಲಕ್ಕೆ ವೆನಿಲ್ಲಾ ಬೆಳೆದು ಕೈಸುಟ್ಟುಕೊಂಡವರು ಅದನ್ನು ತಕ್ಷಣ ಗುರುತಿಸಿಯಾರು! ಐಲಾ ದ್ವೀಪದ ಹಲವು ವಿಸ್ಕಿಗಳಲ್ಲಿ ಹೊಗೆಯ ವಾಸನೆ ಪ್ರಧಾನ. ಜೌಗು ನೆಲದ ಪೀಟ್ ಎಂಬ ಕೊಳೆತ ಸಸ್ಯದ ಹೆಂಟೆಯನ್ನು ಉರಿಸಿ ಬಾರ್ಲಿ ಒಣಗಿಸುವುದರಿಂದ ಅದು ಬರುತ್ತದೆ. ನಮ್ಮ ಪಾರ್ಚ್‌ಮೆಂಟಿಗೆ ಹೊಗೆ ತಗುಲಿದರೆ ದೋಷವೆಂದು ಬೆಲೆ ಇಳಿಸುತ್ತಾರೆ, ಅಲ್ಲಿ ಅದಕ್ಕೇ ಹೆಚ್ಚು ಬೆಲೆ!

ಅನಂತರ ಚಿಕ್ಕ ಗುಟುಕು. ನಾಲಿಗೆಯ ಮೇಲೆಲ್ಲ ಆಡಿಸಿ, ಮೈ ತೆಳುವೋ ದಪ್ಪವೋ, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಬಳಿಕ ಕೆಲವು ಹನಿ ನೀರು ಸೇರಿಸಿ ಮತ್ತೆ ಮೂಸಬೇಕು. ನೀರು ಬೆರೆಸಿದರೆ ಹೊಗೆಯ ಪರಿಮಳಕ್ಕೆ ಕಾರಣವಾದ ಗ್ವಾಯಕಾಲ್ ಎಂಬ ಅಣು ಮೇಲ್ಮೈಗೆ ಬರುತ್ತದೆಂದು 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಗಣಕಯಂತ್ರದ ಲೆಕ್ಕದಿಂದ ತೋರಿಸಿದರು. ಹುರಿದ ಕಾಫಿಯಲ್ಲೂ ಅದೇ ಗ್ವಾಯಕಾಲ್ ಇದೆ. ಐಸು ಮಾತ್ರ ಪರಿಮಳವನ್ನು ಅಡಗಿಸುತ್ತದೆ.

ಇನ್ನು ಹೆಸರಿನ ಪ್ರಶ್ನೆ. 1948ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಅದಕ್ಕೆ ಮೊದಲು ಅಲ್ಲಿಯ ಪಾಟ್ ಸ್ಟಿಲ್ ಎಂಬ ಪಾನಗೃಹದಲ್ಲಿ ಹೆಸರು ಹೇಳದೆ ರುಚಿ ನೋಡಿಸಿದಾಗ, ಸವಿದವರು ಅದನ್ನು ಸ್ಕಾಟ್ಲೆಂಡಿನ ಸ್ಪೇಸೈಡಿನ ಮಾಲಿಗೆ ಹೋಲಿಸಿದರು. ಭಾರತದ್ದೆಂದು ಮೊದಲೇ ಹೇಳಿದ್ದರೆ ಅವರ ನಾಲಿಗೆ ಬೇರೆಯದನ್ನೇ ಹೇಳುತ್ತಿತ್ತೆಂಬುದು ನಮ್ಮ ಅಭಿಪ್ರಾಯ. ಜಿಮ್ ಮರ್ರೆಯವರ 2010ರ ವಿಸ್ಕಿ ಕೈಪಿಡಿ ಅಮೃತ್ ಫ್ಯೂಷನ್ನಿಗೆ 100ಕ್ಕೆ 97 ಅಂಕ ಕೊಟ್ಟು ಜಗತ್ತಿನಲ್ಲಿ ಮೂರನೆಯ ಸ್ಥಾನದಲ್ಲಿರಿಸಿತು.

ವಯಸ್ಸಿನ ಲೆಕ್ಕವೂ ಹೀಗೆಯೇ ಮೋಸ ಮಾಡುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ 2 ಆವಿಯಾದರೆ ಬೆಂಗಳೂರಿನಲ್ಲಿ 10ರಿಂದ 12. ಇದನ್ನು ದೇವದೂತರ ಪಾಲು ಎನ್ನುತ್ತಾರೆ. ಇಲ್ಲಿ ಮಾಲು ಬೇಗ ಮಾಗುತ್ತದೆ, ಬೇಗ ಕರಗಿಯೂ ಹೋಗುತ್ತದೆ. 2013ರಲ್ಲಿ ಅಮೃತ್ ಹೊರತಂದ 8 ವರ್ಷದ ವಿಸ್ಕಿಗೆ "ದುರಾಸೆಯ ದೇವದೂತರು" ಎಂಬರ್ಥದ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗೋದಾಮಿನಲ್ಲಿ ಮಾಲಿಟ್ಟು ತೂಕ ಇಳಿಯುವುದನ್ನು ನೋಡಿರುವ ನಮಗೆ ಆ ಸಂಕಟ ಗೊತ್ತು.

ನಮ್ಮಲ್ಲಿ ಅನೇಕರು ಸ್ವಂತ ತೋಟದ ಕಾಫಿಯನ್ನು ಹಾಲು, ಸಕ್ಕರೆ, ಚಿಕೋರಿ ಇಲ್ಲದೆ ಒಮ್ಮೆಯೂ ರುಚಿ ನೋಡಿಲ್ಲ. ಕೊಳ್ಳುವವನು "ಕಪ್ ಸರಿಯಿಲ್ಲ" ಎಂದರೆ ಉತ್ತರ ಕೊಡಲಾರದೆ ಹೇಳಿದ ದರಕ್ಕೆ ಒಪ್ಪುತ್ತೇವೆ. ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ ಹೀಗಿದೆ: ಕಣದಲ್ಲಿ ಒಣಗಿಸಿದ್ದು, ಮಂಚದ ಮೇಲೆ ಒಣಗಿಸಿದ್ದು, ಮಳೆಗೆ ಸಿಕ್ಕಿದ್ದು ಎಂದು ಮೂರು ಮಾಲನ್ನು ಬೇರೆಯಿಟ್ಟು, ಒಂದೇ ಹದಕ್ಕೆ ತೆಳುವಾಗಿ ಹುರಿದು, ತರಿಯಾಗಿ ಪುಡಿ ಮಾಡಬೇಕು. ಬಟ್ಟಲಿಗೆ 8.25 ಗ್ರಾಂ ಪುಡಿ, 150 ಮಿಲಿಲೀಟರ್ ಬಿಸಿನೀರು. ನೀರು ಕುದಿದು ಒಂದು ನಿಮಿಷ ಆರಿರಲಿ. 4 ನಿಮಿಷದ ಬಳಿಕ ಮೇಲಿನ ಕೆನೆಯಂಥ ಪದರವನ್ನು ಚಮಚೆಯಿಂದ ಒಡೆದು ಮೂಸಬೇಕು, ನೊರೆ ತೆಗೆಯಬೇಕು, ತುಸು ಆರಿದ ಮೇಲೆ ಸೊರ್ ಎಂದು ಹೀರಿ ಉಗುಳಬೇಕು. ಯಾವ ಬಟ್ಟಲು ಯಾವುದೆಂಬ ಚೀಟಿಯನ್ನು ಬಟ್ಟಲಿನ ತಳಕ್ಕೆ ಮನೆಯವರು ಅಂಟಿಸಲಿ. ಮೂರಕ್ಕೂ ಅಂಕ ಬರೆದಾದ ಮೇಲೆಯೇ ಬಟ್ಟಲನ್ನು ಎತ್ತಿ ನೋಡತಕ್ಕದ್ದು.